ಕೊಡ್ಲಿ ಏಳಕ್ಕೆ ತಿರುಗಿದ ಮಳೆಗಾಲ

ಹೋದ ತಿಂಗಳು ಮನೆಗೆ ಅಕ್ಕಿ ಒಯ್ಯಲೆಂದು ಕಲಘಟಗಿಯ ಗಿರಣಿಗೆ ಹೋಗಿದ್ದೆ. ಈಗ ನನ್ನ ನೌಕರಿ ನವಲಗುಂದದ ಕಡೆ. ಅದು ಎರೆಭೂಮಿಯ ಸೀಮೆ. ಕಣ್ಣು ಹಾಯಿಸಿದಷ್ಟೂ ಹೆಸರು, ಹತ್ತಿ, ಕಡಲೆ. ಅಲ್ಲಿ ಭತ್ತವಿಲ್ಲ, ತೌಡಿನ ವಾಸನೆಯೂ ಇಲ್ಲ. ಗಿರಣಿಯ ಬಾಗಿಲಲ್ಲಿ ಬೈಕು ನಿಲ್ಲಿಸುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿದು ಗಂಟಲಲ್ಲಿ ಕೂತಿತು. ಕೆಮ್ಮು ಬಂತು. ಗಿರಣಿಯ ಮಾಲೀಕರಾದ ಚನ್ನಪ್ಪ ಕಾಕಾ ನಕ್ಕು, ಮಾಸ್ತರ ಗಂಟಲು ಇನ್ನೂ ಸರಿಯಾಗಿಲ್ಲವೇನು ಎಂದು ಕೇಳಿದರು. ನಿಮ್ಮ ಬ್ಯಾಂಡಿನ ಹುಡುಗರು ಈಗ ಹುಬ್ಬಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದಾರಂತೆ, ಗೋಡೆಗೆಲ್ಲ ಮೆತ್ತನೆಯ ಸ್ಪಂಜು ಹಚ್ಚಿಸಿದ್ದಾರಂತೆ ಎಂದೂ ಹೇಳಿದರು. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನಂತೆ ತಲೆಯಾಡಿಸಿದೆ.

ನಾಲ್ಕು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು ನಾನು ಆ ಗಿರಣಿಯಲ್ಲಿ ಕಳೆದಿದ್ದೇನೆ. ನಮ್ಮದೊಂದು ಬ್ಯಾಂಡ್ ಇತ್ತು, ಹೆಸರು 'ಕೊಡ್ಲಿ'. ಹೆವಿ ಮೆಟಲ್ ಎಂದರೆ ಊರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬರೀ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಗೆ ಎಷ್ಟು ತಗೋತೀರಿ ಎಂದು ಕೇಳುತ್ತಿದ್ದರು. ಕಾಲೇಜಿನ ಎರಡನೇ ವರ್ಷದಲ್ಲಿ ಅದನ್ನು ಕಟ್ಟಿದವರು ನಾನು ಮತ್ತು ತಂಬೂರು ಊರಿನ ಗೌತಮ. ಅವನ ತಾಯಿ ಅಂಗನವಾಡಿ ಶಿಕ್ಷಕಿ. ಅವರ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಆಕೆ ಮಗನಿಗೆ ಕೊಡಿಸಿದ ಗಿಟಾರ್ ಸದಾ ಒರಗಿರುತ್ತಿತ್ತು. ಡ್ರಮ್ಸಿಗೆ ಈರಣ್ಣ; ಅವನು ತೊಟ್ಟಿಲಿಗೆ ಬಣ್ಣ ಹಚ್ಚುವವನು, ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು, ಹಸಿರು. ಬೇಸ್ ಗಿಟಾರಿಗೆ ಮಹೇಶ, ಚನ್ನಪ್ಪ ಕಾಕಾನ ಅಣ್ಣನ ಮಗ. ಹಾಡುವವನು ನಾನು.

ನನ್ನ ದನಿ ಮೇಲಕ್ಕೆ ಹೋಗುತ್ತಿತ್ತು. ಜಂಬವೆನಿಸಿದರೆ ಎನಿಸಲಿ, ನನ್ನಲ್ಲಿದ್ದ ಬಂಡವಾಳ ಅದೊಂದೇ. ಕುದುರೆ ಓಟದ ಗಿಟಾರ್, ಎಂಟೆಂಟು ಎಣಿಕೆಯ ನೇರ ನಡೆ, ಅದರ ತುದಿಗೆ ನಾನು ಹಿಡಿದು ನಿಲ್ಲಿಸುವ ಒಂದು ಉದ್ದನೆಯ ಸ್ವರ: ಏಳು ವರ್ಷ ಇದೇ ನಮ್ಮ ಅಡುಗೆ. ಹಾಡುಗಳ ತುಂಬ ಕತ್ತಿ, ಕೋಟೆ, ರಕ್ತ. ನಮ್ಮಲ್ಲಿ ಯಾರೂ ಕತ್ತಿ ಹಿಡಿದವರಲ್ಲ. ಮಹೇಶ ಕುಡಗೋಲು ಹಿಡಿದಿದ್ದ, ಅದೂ ಮೇವು ಕೊಯ್ಯಲಿಕ್ಕೆ.

ಆ ವರ್ಷ ಗೌತಮ ಬೆಳಗಾವಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ದುಡಿದು, ಜೂನಿನ ಮಿರಗದ ಮಳೆ ಹಿಡಿದ ವಾರವೇ ಊರಿಗೆ ಮರಳಿದ. ಭತ್ತ ಬರುವವರೆಗೆ ಗಿರಣಿ ಖಾಲಿ. ಸುಗ್ಗಿ ಶುರುವಾಗುವ ಮೊದಲು ಜಾಗ ಬಿಡಬೇಕೆಂದು ಹೇಳಿ ಕಾಕಾ ಕೀಲಿಕೈ ಕೊಟ್ಟರು. ತಗಡಿನ ಮಾಡು, ನಾಲ್ಕೂ ಕಡೆ ಬರಿ ಗೋಡೆ. ಒಂದು ಪೆಟ್ಟು ಹೊಡೆದರೆ ಹತ್ತಾಗಿ ತಿರುಗಿ ಬರುತ್ತಿತ್ತು. ಗೋಡೆಗೆಲ್ಲ ಮೊಳೆ ಹೊಡೆದು ಗೋಣಿಚೀಲ ತೂಗುಹಾಕಿದೆವು. ಮಳೆ ಜೋರಾದರೆ ಬಾರಿಸುವುದನ್ನು ಬಿಟ್ಟು ಸುಮ್ಮನೆ ಕೂರಬೇಕಾಗುತ್ತಿತ್ತು, ತಗಡಿನ ಸದ್ದಿನ ಮುಂದೆ ನಮ್ಮ ಆಂಪ್ಲಿಫೈಯರಿನದು ಏನೂ ನಡೆಯುತ್ತಿರಲಿಲ್ಲ.

ಮೊದಲ ದಿನವೇ ಗೌತಮ ಗಿಟಾರಿನ ತಂತಿಗಳನ್ನು ಸಡಿಲಿಸಿ ಕೆಳಗಿನ ಸ್ವರಕ್ಕೆ ಇಳಿಸಿದ. ಆಮೇಲೆ ಮತ್ತೆ ಮತ್ತೆ ಬರುವ ಒಂದು ತುಣುಕು, ಒಂದು ರಿಫ್, ನುಡಿಸಿದ. ಅದು ಓಡಲಿಲ್ಲ. ಕುಂಟಿತು, ನಿಂತಿತು, ತಟ್ಟನೆ ನೆಲಕ್ಕೆ ಬಿದ್ದಂತೆ ಭಾರವಾಯಿತು, ಮತ್ತೆ ಎದ್ದಿತು. ಇದನ್ನು ಪ್ರೋಗ್ರೆಸಿವ್ ಮೆಟಲ್‌ಕೋರ್ ಎನ್ನುತ್ತಾರೆ ಎಂದು ವಿವರಿಸಿದ. ಏಳರ ಎಣಿಕೆ, ನಡುವೆ ಐದು, ಇನ್ನೆಲ್ಲೋ ನಾಲ್ಕು. ಹಾಡಿನ ಬಹುಪಾಲು ಹಾಡುವುದಲ್ಲ, ಒದರುವುದು. ಅದಕ್ಕೆ ಸ್ಕ್ರೀಮ್ ಎಂದು ಹೆಸರು. ಈರಣ್ಣ ಚಿಕ್ಕಂದಿನಿಂದ ಭಜನೆಯಲ್ಲಿ ಡಗ್ಗಾ ಬಾರಿಸಿದವನು. "ತಕಿಟ ತಕದಿಮಿ" ಎಂದು ಬಾಯಲ್ಲಿ ಹೇಳಿಕೊಂಡು ಹತ್ತು ನಿಮಿಷದಲ್ಲಿ ಏಳನ್ನು ಹಿಡಿದುಬಿಟ್ಟ. ಮಹೇಶ ಈರಣ್ಣನ ಕಾಲು ನೋಡಿಕೊಂಡು ಹೊಂದಿಸಿದ. ನಾನು ಮೈಕು ಹಿಡಿದು ನಿಂತೇ ಇದ್ದೆ.

"ಇದರಾಗ ನಾ ಎಲ್ಲಿ ಹಾಡ್ಲಿ?" ಎಂದು ಕೇಳಿದೆ.

"ಎಂಟರಾಗ ನನಗ ಈಗ ಏನೂ ಹೇಳಾಕ ಬರವಲ್ದೋ ಶಿವು," ಎಂದ ಗೌತಮ. "ಫೌಂಡ್ರ್ಯಾಗ ಒಂದ್ ವರ್ಷ ಇದ್ನಿ. ಅಲ್ಲಿ ಯಾವುದೂ ಎಂಟರಾಗ ಬಡಕೊಳ್ಳೂದಿಲ್ಲ."

ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆದರೆ ಅವನು ನಿಜ ಹೇಳುತ್ತಿದ್ದಾನೆಂದು ನನಗೂ ಗೊತ್ತಾಯಿತು, ಅದಕ್ಕೇ ಜಗಳ ತೆಗೆಯಲಾಗಲಿಲ್ಲ. ಒದರುವುದನ್ನು ಕಲಿಯುತ್ತೇನೆ ಎಂದು ಹೇಳಿ ಮನೆಗೆ ಹೋದೆ.

ಆಗ ನಾನು ಹತ್ತಿರದ ಹಳ್ಳಿ ಬಮ್ಮಿಗಟ್ಟಿಯ ಶಾಲೆಯಲ್ಲಿ ಗಣಿತ ಕಲಿಸುವ ಅತಿಥಿ ಶಿಕ್ಷಕ. ಜುಲೈ ಪೂರ್ತಿ ಮನೆಯಲ್ಲಿ ತಲೆದಿಂಬಿಗೆ ಬಾಯಿಟ್ಟು ಒದರಿದೆ. ಮರುದಿನ ತರಗತಿಯಲ್ಲಿ ದನಿಯೇ ಹೊರಡುತ್ತಿರಲಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಕೈಸನ್ನೆ ಮಾಡುತ್ತಿದ್ದೆ. ಮಕ್ಕಳಿಗೆ ಇದಕ್ಕಿಂತ ಸುಖವಿರಲಿಲ್ಲ. ಅವ್ವ ಅರಿಸಿನ ಹಾಕಿದ ಹಾಲು ಕೊಟ್ಟು, ಶಾಲೆಯಲ್ಲಿ ಅಷ್ಟು ಬೈಯಬೇಡ ಎಂದು ಬುದ್ಧಿ ಹೇಳಿದಳು. ಗಿರಣಿಯಲ್ಲಿ ನನ್ನ ಒದರಾಟ ಕೇಳಿ ಮಹೇಶ ಒಮ್ಮೆ, ನಮ್ಮ ಎಮ್ಮಿ ಈಯುವಾಗ ಇದಕ್ಕಿಂತ ಚಂದ ಒದರಿತ್ತು ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಗಸ್ಟಿನ ಮಘಾ ಮಳೆ ಹೊಳವಾಗಿ ಆಕಾಶ ತಿಳಿಯಾದ ಒಂದು ಸಂಜೆ ಶಾಲೆ ಮುಗಿಸಿ ಮನೆಗೆ ಹೋಗದೆ ಬಮ್ಮಿಗಟ್ಟಿ ಊರ ಹೊರಗಿನ ಗೋವಿನಜೋಳದ ಹೊಲಗಳ ಕಡೆ ನಡೆದೆ. ಬೆಳೆ ತಲೆಯೆತ್ತರ ನಿಂತಿತ್ತು, ಆಚೆ ಕಾಡಿನ ಅಂಚು. ಸುತ್ತ ಒಂದು ನರಪಿಳ್ಳೆ ಕಾಣಲಿಲ್ಲ. ಇಲ್ಲಿ ತಲೆದಿಂಬು ಬೇಕಿಲ್ಲ ಎಂದುಕೊಂಡು ಬದುವಿನ ಮೇಲೆ ನಿಂತು ಎದೆಯಲ್ಲಿ ಇದ್ದಷ್ಟೂ ಉಸಿರು ಹಾಕಿ ಒದರಿದೆ.

ತಿರುಗಿ ಒಂದು ಕೂಗು ಬಂತು. ಪ್ರತಿಧ್ವನಿಯಲ್ಲ. ಎರಡು ಹೊಲದಾಚೆಯಿಂದ ಬಂದ, ತಳದಿಂದ ಎದ್ದು ಒಡೆದುಕೊಂಡೇ ಹೊರಬರುವ, ಆದರೆ ಎಲ್ಲೂ ಅಲುಗದ ದನಿ. ನಾನು ಉಸಿರು ಬಿಟ್ಟು ಮತ್ತೆ ಎಳೆದುಕೊಂಡರೂ ಅದು ಇನ್ನೂ ನಿಂತೇ ಇತ್ತು. ಅದರಾಚೆಯ ಹೊಲದಿಂದ ಇನ್ನೊಂದು, ಅದರಾಚೆ ಮತ್ತೊಂದು. ಕೂಗು ಕಾಡಿನಂಚಿನವರೆಗೂ ಹೋಯಿತು. ಹೆದರಿ ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಬಡಿಗೆ, ಡಬ್ಬಿ, ಬ್ಯಾಟರಿ ಹಿಡಿದ ಆರೇಳು ಜನ ಜೋಳದ ನಡುವಿನಿಂದ ಓಡಿ ಬಂದರು.

ಎಷ್ಟು ಬಂದಾವ್ರಿ ಎಂದು ಮುಂದಿನವರು ಕೇಳಿದರು. ಏನು ಎಂದೆ. ಹಂದಿ ಎಂದರು. ಹಂದಿ ಇಲ್ಲ, ನಾನು ಹಾಡು ಕಲಿಯುತ್ತಿದ್ದೆ ಎಂದು ಹೇಳಬೇಕಾಯಿತು. ಒಬ್ಬರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹಿಂದೆ ನಿಂತಿದ್ದ ಒಬ್ಬ ಇನ್ನೊಬ್ಬನಿಗೆ, ಗಣಿತದ ಮಾಸ್ತರಂತ ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು. ಮುಂದೆ ನಿಂತವರು ಫಕ್ಕೀರಪ್ಪ, ಬಾಜು ಹೊಲದ ರೈತರು. ಅವರೇ ಸಮಾಧಾನವಾಗಿ ತಿಳಿಸಿದರು.

"ಇಲ್ಲಿ ಒಬ್ಬರು ಒದರಿದ್ರ ಬಾಜೂಕಿನವರು ಕೂಗು ಕೊಡಬೇಕ್ರಿ ಮಾಸ್ತರ. ಕೊಟ್ಟಮ್ಯಾಲ ಒದರಿದವರು ತಿರುಗಿ ಒಂದ್ ಕೂಗು ಕೊಡ್ತಾರ. ಅಂದ್ರ ನಾ ಅರಾಮ ಅದೇನಿ ಅಂತ. ನೀವು ಒದರಿದ್ರಿ, ನಾವು ಕೊಟ್ವಿ, ನೀವು ಸುಮ್ಮನಾದ್ರಿ. ಅದಕ್ಕ ಓಡಿ ಬಂದ್ವಿ."

ಕಾಡಂಚಿನ ಹೊಲಗಳ ಆ ಪದ್ಧತಿ ಕಲಘಟಗಿ ಪೇಟೆಯಲ್ಲಿ ಬೆಳೆದ ನನಗೆ ತಿಳಿದಿರಲಿಲ್ಲ. ತಪ್ಪಾಯಿತು ಎಂದೆ. ನಾಚಿಕೆಯಿಂದ ಮುಖ ಸುಡುತ್ತಿದ್ದರೂ ಆ ಮೊದಲ ಕೂಗು ಯಾರದೆಂದು ಕೇಳದೆ ಇರಲಾಗಲಿಲ್ಲ. ನನ್ನ ಮಗಳದು ಎಂದರು ಫಕ್ಕೀರಪ್ಪ.

ರೇಣುಕಾ ಹೊಲದ ಕಾವಲಿನ ಅಟ್ಟಣಿಗೆಯಿಂದ ಇಳಿದು ಬಂದಳು. ಬಿ.ಎ. ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಗೈಡು. ಮಧ್ಯಾಹ್ನದಿಂದ ಮಂಗ ಓಡಿಸುವುದು, ಹೊತ್ತು ಇಳಿದ ಮೇಲೆ ಹಂದಿ. ನಡುವೆ ಸಾಮಾನ್ಯ ಜ್ಞಾನ. ಗಂಟಲು ನೋಯುವುದಿಲ್ಲವೇ ಎಂದು ಕೇಳಿದೆ.

"ಗಂಟಲಿಂದ ಒದರಿದ್ರ ನೋಯ್ತೈತ್ರಿ ಸರ್. ಹೊಟ್ಟಿಯಿಂದ ಒದರಬೇಕ್ರಿ. ಮತ್ತ ಸಿಟ್ಟು ಮಾಡ್ಕೋಬಾರದ್ರಿ. ಸಿಟ್ಟಿಲೆ ಒದರಿದ್ರ ಅರ್ಧ ತಾಸಿಗೆ ದನಿ ಹೋಗ್ತೈತಿ."

ಒಂದು ವಾರ ಸಂಜೆ ಸಂಜೆ ಹೋಗಿ ಅವಳಿಂದ ಕಲಿಯಲು ನೋಡಿದೆ. ಅಕ್ಕಪಕ್ಕದ ಹೊಲದವರಿಗೆ ಮೊದಲೇ ತಿಳಿಸಿ, ಮಾಸ್ತರ ಪಾಠ ನಡೀತೈತಿ ಎಂದು ಫಕ್ಕೀರಪ್ಪ ಬದುವಿನ ಮೇಲೆ ಕೂತಿರುತ್ತಿದ್ದರು. ನನಗೆ ಬರಲಿಲ್ಲ. ಮನೆಯಲ್ಲಿ ಕೇಳಿ ಕಲಿಯೋಣವೆಂದು ಅವಳ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡೆ, ಮರುದಿನ ಅದನ್ನು ಗಿರಣಿಯಲ್ಲಿ ಗೌತಮನಿಗೆ ಕೇಳಿಸಿದೆ. ಯಾಕೆ ಕೇಳಿಸಿದೆ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಒಳ್ಳೆಯದೊಂದು ಸಿಕ್ಕಾಗ ಮೊದಲು ಅವನಿಗೆ ಕೇಳಿಸುವುದು ಏಳು ವರ್ಷದ ರೂಢಿ, ಅಷ್ಟೇ ಇರಬೇಕು. ಗೌತಮ ಮೂರು ಸಲ ಕೇಳಿ, ಇವರನ್ನ ಕರ್ಕೊಂಡು ಬಾ ಎಂದ.

ಹಾಗೆ ನನ್ನ ಜಾಗಕ್ಕೆ ಬರುವವಳನ್ನು ಕೇಳಲು ನಾನೇ ಅವರ ಮನೆಗೆ ಹೋದೆ. ಫಕ್ಕೀರಪ್ಪ ಬಹಳ ಹೊತ್ತು ಎಲೆ ಅಡಿಕೆ ಜಗಿದರು. ಅವರ ಹೆಂಡತಿ ಚಹಾ ಕೊಟ್ಟು ಬಾಗಿಲ ಮರೆಯಲ್ಲಿ ನಿಂತರು. ಕೊನೆಗೆ ರೇಣುಕಾಳೇ ಬಾಯಿ ಬಿಟ್ಟಳು.

"ಇಲ್ಲಿ ನಾ ಒದರಿದ್ರ ಎಲ್ಲಾ ಓಡಿ ಹೋಗ್ತಾವಪ್ಪ. ಅಲ್ಲಿ ಮಂದಿ ನಿಂತು ಕೇಳ್ತಾರಂತ."

ಫಕ್ಕೀರಪ್ಪ ನನ್ನ ಕಡೆ ತಿರುಗಿದರು. "ನಿಮ್ಮ ಮ್ಯಾಲ ಬಿಡ್ತೀನ್ರಿ ಮಾಸ್ತರ. ನೀವ ಒಯ್ಯಬೇಕು, ದೀಪಾ ಹಚ್ಚೂದ್ರಾಗ ನೀವ ತಂದು ಬಿಡಬೇಕು. ಬ್ಯಾರೆ ಯಾರ ಕೂಡಾನೂ ಕಳಸೂದಿಲ್ಲ." ನಾನು ಮಾತು ಕೊಟ್ಟೆ.

ಆ ಮಾತು ನನ್ನನ್ನು ಗಿರಣಿಗೆ ಕಟ್ಟಿಹಾಕಿತು. ಇಲ್ಲದಿದ್ದರೆ ಏನಾದರೂ ನೆವ ಹೇಳಿ ಎರಡು ವಾರದಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ. ವಾರಕ್ಕೆ ಮೂರು ದಿನ ಶಾಲೆ ಬಿಟ್ಟೊಡನೆ ರೇಣುಕಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಲಘಟಗಿಗೆ ಬರುತ್ತಿದ್ದೆ. ನಡುವೆ ಅವಳ ಗೈಡಿನ ಚೀಲ. ದಾರಿಯುದ್ದಕ್ಕೂ ಇಬ್ಬರ ರೇನ್‌ಕೋಟಿನ ಮೇಲೂ ಮಳೆ.

ಅವಳು ಬಂದ ಮೊದಲ ದಿನ ಗೌತಮ ಎಣಿಕೆ ವಿವರಿಸಲು ಹೋದ. ಅವಳು ಎಣಿಸುವ ಗೋಜಿಗೇ ಹೋಗಲಿಲ್ಲ. ಈರಣ್ಣನ ಭುಜ ಏಳುವುದನ್ನು ನೋಡಿಕೊಂಡು ಸರಿಯಾಗಿ ಬಂದಳು. ಹಂದಿ ಯಾವ ತಾಳದಲ್ಲಿ ಬರುತ್ತದೆಂದು ಯಾರಿಗೆ ಗೊತ್ತು, ನೋಡುತ್ತಾ ಕೂರುವುದು ಅವಳಿಗೆ ರೂಢಿಯಾಗಿತ್ತು. ಆ ದನಿ ಗೋಣಿಚೀಲಗಳನ್ನೂ ದಾಟಿ ಗೋಡೆಗೆ ಬಡಿದಾಗ ಹೊರಗೆ ಕೂತಿದ್ದ ಚನ್ನಪ್ಪ ಕಾಕಾ ಗಾಬರಿಯಿಂದ ಒಳಗೆ ಬಂದರು. ನನಗೆ ಮೈ ಜುಮ್ಮೆಂದಿತು. ಹೊಟ್ಟೆಕಿಚ್ಚೂ ಆಯಿತು. ಎರಡೂ ಒಟ್ಟಿಗೆ ಆದವು, ಯಾವುದು ಮೊದಲು ಎಂದು ಹೇಳಲಾರೆ.

ಹೊಸ ಹಾಡಿಗೆ 'ಕಾವಲು' ಎಂದು ಹೆಸರಿಟ್ಟರು. ಅದರಲ್ಲಿ ನನಗೆ ನಾಲ್ಕು ಸಾಲಿನ ಒಂದು ಕೋರಸ್ ಉಳಿಯಿತು. ಒದರಾಟದ ನಡುವೆ ಒಂದು ನೇರವಾದ ಹಾಡು ಇದ್ದರೆ ಚೆಂದ ಎಂದು ಗೌತಮನೇ ಇಟ್ಟಿದ್ದ. ಕೋರಸಿನ ಮೊದಲು ಏಳರ ಮೂರು ಸುತ್ತು, ಕೊನೆಗೊಂದು ನಾಲ್ಕು. ಒಟ್ಟು ಇಪ್ಪತ್ತೈದು. ಅದು ಮುಗಿದ ಮೇಲೆ ನಾನು ಬಾಯಿ ತೆರೆಯಬೇಕು. ಆದರೆ ನನ್ನ ಮೈಗೆ ಗೊತ್ತಿದ್ದುದು ಎಂಟು ಮೂರಲೆ ಇಪ್ಪತ್ನಾಲ್ಕು. ಪ್ರತಿ ಸಲ ಒಂದು ಎಣಿಕೆ ಮೊದಲೇ ಶುರುಮಾಡುತ್ತಿದ್ದೆ. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಬೆರಳು ಮಡಚಿ ಎಣಿಸಿದೆ. ಈರಣ್ಣ ನನಗಾಗಿ ಇಪ್ಪತ್ತೈದನೆಯದಕ್ಕೆ ತಲೆ ಅಲ್ಲಾಡಿಸಿ ತೋರಿಸಿದ. ಅವನ ತಲೆ ಅಲ್ಲಾಡುವ ಹೊತ್ತಿಗೆ ನನ್ನ ಬಾಯಿ ಆಗಲೇ ತೆರೆದಿರುತ್ತಿತ್ತು. ನೀ ಮಕ್ಕಳಿಗೆ ಏನ್ ಲೆಕ್ಕಾ ಕಲಸ್ತಿಯೋ ಮಾರಾಯ ಎಂದು ಮಹೇಶ ಕಾಡಿಸಿದ. ಗೌತಮ ಬೈಯಲಿಲ್ಲ. ಮತ್ತೊಮ್ಮೆ ಎಂದಷ್ಟೇ ಹೇಳುತ್ತಿದ್ದ, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಹಾಡಿನ ಉಳಿದ ಹೊತ್ತು ನನಗೆ ಕೆಲಸವಿರಲಿಲ್ಲ. ಒಂಟಿಯಾಗಿರುವುದಕ್ಕೆ ಯಾರೂ ಇಲ್ಲದ ಜಾಗವೇ ಬೇಕೆಂದೇನಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ನಾಲ್ಕು ಜನ ತಮ್ಮ ಪೂರ್ತಿ ಬಲ ಹಾಕಿ ಬಾರಿಸುತ್ತ, ಒದರುತ್ತ ಇರುವಾಗ ಅವರ ನಡುವೆ ಎರಡೂ ಕೈಯಲ್ಲಿ ಮೈಕು ಹಿಡಿದು ಸುಮ್ಮನೆ ನಿಂತಿರಬೇಕು. ಕೂರೋಣವೆಂದರೆ ಅದೂ ಸರಿಯೆನಿಸುತ್ತಿರಲಿಲ್ಲ. ಸಂಜೆ ರೇಣುಕಾಳನ್ನು ಮನೆಗೆ ಬಿಟ್ಟು ತಿರುಗಿ ಬರುವಾಗ ಹೆಲ್ಮೆಟ್ಟಿನೊಳಗೆ ನಮ್ಮ ಹಳೆಯ ಹಾಡುಗಳನ್ನು ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದೆ. ಕತ್ತಿ, ಕೋಟೆ, ರಕ್ತ. ದನಿ ಮೊದಲಿನಂತೆ ಮೇಲಕ್ಕೆ ಹೋಗುತ್ತಿತ್ತು, ಕೇಳಲು ಯಾರೂ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯ ಹೊತ್ತಿಗೆ, ಹುಬ್ಬಳ್ಳಿಯ ಒಂದು ಕಾಲೇಜಿನಿಂದ ಕರೆ ಬಂತು. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಒಂದು ಸಂಜೆ ಹದಿನಾಲ್ಕು ಸಲ 'ಕಾವಲು' ಬಾರಿಸಿದೆವು. ಹದಿನಾಲ್ಕು ಸಲವೂ ನಾನು ತಪ್ಪಿದೆ. ಮಳೆ ಜೋರಾಗಿ ಎಲ್ಲರೂ ಸುಮ್ಮನೆ ಕೂತಾಗ ಗೌತಮ ನನ್ನ ಬಾಜು ಬಂದು ಖಾಲಿ ಗೋಣಿಚೀಲಗಳ ಮೂಟೆಯ ಮೇಲೆ ಕೂತ. ತಗಡಿನ ಸದ್ದಿಗೆ ಬಾಯಿ ಕಿವಿಯ ಹತ್ತಿರ ತಂದು ಹೇಳಬೇಕಾಯಿತು.

"ಶಿವು, ಕೋರಸ್ ತೆಗಿತೀನಿ."

"ತೆಗಿ," ಎಂದೆ.

ಅವನು ಇನ್ನೂ ಏನೋ ಹೇಳುವವನಿದ್ದ. ನಾನು ಎದ್ದು ಬಾಗಿಲಿಗೆ ಹೋಗಿ ಮಳೆ ನೋಡುತ್ತಾ ನಿಂತೆ. ರೇಣುಕಾ ಬಂದು, ನಾ ಅವರಿಗೆ ಹೇಳ್ತೀನ್ರಿ ಸರ್, ಇರ್ಲಿ ಅಂತೀನ್ರಿ ಎಂದಳು. ಬೇಡ ಎಂದೆ. ಅವಳ ಕರುಣೆ ನನಗೆ ಗೌತಮನ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು. ಮಳೆ ನಿಂತ ಮೇಲೆ ಕೋರಸಿಲ್ಲದೆ ಬಾರಿಸಿದರು. ನನ್ನ ನಾಲ್ಕು ಸಾಲಿದ್ದ ಜಾಗದಲ್ಲಿ ಗೌತಮ ಬರೀ ಗಿಟಾರ್ ಬಿಟ್ಟಿದ್ದ; ತೆಳುವಾದ, ದೂರದಲ್ಲೆಲ್ಲೋ ನುಡಿಸಿದಂಥ ನಾಲ್ಕು ಸುತ್ತು. ಆಮೇಲೆ ರೇಣುಕಾ ಒದರಿದಾಗ ಹಾಡು ಅದಕ್ಕೇ ಕಾದಿತ್ತು ಎನಿಸಿತು. ಹಾಡು ಚೆನ್ನಾಗಿತ್ತು. ಮೊದಲಿಗಿಂತ ಚೆನ್ನಾಗಿತ್ತು. ಅದು ನನಗೆ ಗೊತ್ತಾಗದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಕಾರ್ಯಕ್ರಮದ ದಿನ ಫಕ್ಕೀರಪ್ಪನವರಿಗೆ ಕೊಟ್ಟ ಮಾತಿನಂತೆ ರೇಣುಕಾಳನ್ನು ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಮಧ್ಯಾಹ್ನ ಮೂರರ ಬಿಸಿಲು. ಕಾಲೇಜಿನ ಹಿಂದಿನ ಗೇಟಿನಲ್ಲಿ ವಿದ್ಯಾರ್ಥಿಯೊಬ್ಬ ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿ ಒಳಗೆ ಬಿಡುತ್ತಿದ್ದ. ಗೌತಮ, ಈರಣ್ಣ, ಮಹೇಶ ಆಗಲೇ ಒಳಗಿದ್ದರು. ರೇಣುಕಾಳಿಗೆ ಪಟ್ಟಿ ಕಟ್ಟಿ ಅವನು ನನ್ನ ಕೈಗೆ ಕೈ ಚಾಚಿದ. ನೀವೂ ಬ್ಯಾಂಡಿನವರೇನ್ರಿ ಎಂದು ಕೇಳಿದ. ಹೌದು ಎಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಅಲ್ಲ ಎಂದೆ. ಹೆಗಲಲ್ಲಿದ್ದ, ಈರಣ್ಣನ ಡ್ರಮ್ಸಿನ ಸಿಂಬಲ್‌ಗಳ ಚೀಲವನ್ನು ರೇಣುಕಾಳ ಕೈಗೆ ಕೊಟ್ಟು, ಮುಗಿದ ಮೇಲೆ ಇಲ್ಲೇ ಇರುತ್ತೇನೆಂದು ಹೇಳಿ, ಸುತ್ತು ಹಾಕಿ ಮುಂದಿನ ಗೇಟಿಗೆ ಹೋಗಿ ಪಾಳಿಯಲ್ಲಿ ನಿಂತೆ.

ಏಳು ವರ್ಷ ಹಾಡಿದ್ದೆ, ನಮ್ಮ ಬ್ಯಾಂಡನ್ನು ಎದುರಿನಿಂದ ಒಮ್ಮೆಯೂ ಕೇಳಿರಲಿಲ್ಲ. ಹಾಡುವವನಿಗೆ ಅವರೆಲ್ಲ ಬೆನ್ನ ಹಿಂದೆಯೇ ಇರುತ್ತಾರೆ. ಈರಣ್ಣ ಬಾರಿಸುವಾಗ ಕಣ್ಣು ಮುಚ್ಚುತ್ತಾನೆಂದು ಅವತ್ತು ನೋಡಿದೆ. ಮಹೇಶ ತುಟಿ ಕಚ್ಚಿಕೊಂಡು ಈರಣ್ಣನ ಕಾಲನ್ನೇ ನೋಡುತ್ತಿದ್ದ. ರೇಣುಕಾ ಮನೆಯ ಚೂಡಿದಾರದಲ್ಲೇ ಬಂದಿದ್ದಳು, ಓಡಣಿಯನ್ನು ಸೊಂಟಕ್ಕೆ ಬಿಗಿದಿದ್ದಳು. ಅವಳು ಮೊದಲ ಸಲ ಒದರಿದಾಗ ಮುಂದಿನ ಸಾಲಿನಲ್ಲಿ ಗದ್ದಲ ಮಾಡುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಒಬ್ಬರೂ ಓಡಿ ಹೋಗಲಿಲ್ಲ. ನಿಂತು ಕೇಳಿದರು.

ಕೊನೆಗೆ 'ಕಾವಲು' ಶುರುವಾಯಿತು. ಏಳು, ಮತ್ತೆ ಏಳು, ಮತ್ತೆ ಏಳು. ನನ್ನ ಬೆರಳುಗಳು ತೊಡೆಯ ಮೇಲೆ ತಾವೇ ಮಡಚಿಕೊಳ್ಳುತ್ತಿದ್ದವು. ಆ ನಾಲ್ಕು ಸಾಲು ಈಗ ಅಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ತೆರೆದೆ, ಅವತ್ತೂ ಒಂದು ಎಣಿಕೆ ಮೊದಲೇ. ಗಟ್ಟಿಯಾಗಿಯೇ ಹಾಡಿದ್ದೆನೇನೋ, ಬಾಜು ನಿಂತಿದ್ದ ಹುಡುಗ ನನ್ನ ಕಡೆ ಬಗ್ಗಿದ.

"ಹಾಡು ಮೊದಲ ಕೇಳೀರೇನ್ರಿ ನೀವು?"

"ಇಲ್ರಿ," ಎಂದೆ. "ನಾನೂ ಈಗ ಕೇಳಾಕತ್ತೀನಿ."